ಬೋರಲು ಕೆರೆ

ಕೊಂಡಜ್ಜಿ ಕೆರೆಯ ಏರಿ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿನ್ನುವುದು ನನ್ನ ಹಳೆಯ ರೂಢಿ. ಹೈಸ್ಕೂಲಿನಲ್ಲಿದ್ದಾಗ ಸ್ಕೌಟ್ ಶಿಬಿರಕ್ಕೆಂದು ಮೊದಲ ಸಲ ಇಲ್ಲಿಗೆ ಬಂದಿದ್ದೆ. ಸ್ಕೌಟ್ಸ್ ಚಳವಳಿಗೆ ಹೆಸರಾದ ಕೊಂಡಜ್ಜಿ ಬಸಪ್ಪನವರ ಊರಿದು. ಗುಡ್ಡ, ಕಾಡು, ಕೆರೆ ಮೂರೂ ಒಂದೇ ನೋಟಕ್ಕೆ ಸಿಗುವ ಜಾಗ. ಆಗ ಹತ್ತಿದ ಏರಿಯನ್ನು ಈಗಲೂ ಹತ್ತುತ್ತೇನೆ. ಕಳೆದ ತಿಂಗಳು ಒಂದು ಸಂಜೆ ದಾವಣಗೆರೆಯಿಂದ ಬರುವಾಗ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದೆ. ಪೊಟ್ಟಣ ಬಿಚ್ಚಿ ಏರಿಯ ಕಲ್ಲಿನ ಮೇಲಿಟ್ಟೆ. ಮಿರ್ಚಿಯಿಂದ ಇಳಿದ ಎಣ್ಣೆ ಪೇಪರಿಗೆ ಹಿಡಿಯುತ್ತಿತ್ತು. ಮೊದಲು ಬೊಟ್ಟಿನಷ್ಟು, ನೋಡುನೋಡುತ್ತ ಅಂಗೈಯಷ್ಟು. ಎಣ್ಣೆ ಹಿಡಿದಲ್ಲಿ ಹಿಂದಿನ ಪುಟದ ಅಕ್ಷರಗಳು ಮುಂದಿನ ಪುಟಕ್ಕೆ ಎದ್ದು ಬಂದಿದ್ದವು. ಪೇಪರಿನ ಕೆಳಗೆ ಅಂಗಡಿಯವನು ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದನ್ನು ಇಟ್ಟಿದ್ದ. ಎಣ್ಣೆ ಅಲ್ಲಿಯವರೆಗೆ ಬಂದು ನಿಂತಿತ್ತು. ಹಾಳೆಯಡಿಯ ಕಲ್ಲು ಒಣಕಲಾಗಿಯೇ ಇತ್ತು.

ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಬಂದು ಕೂತರು. ಎರಡು ಮಿರ್ಚಿ ಅವರ ಕೈಗಿಟ್ಟೆ. ಮಾತು ಎಲ್ಲಿಂದಲೋ ಹೊರಟು ಅವರ ಹೊಲಕ್ಕೆ ಬಂತು. ನಾಲ್ಕು ಬೋರ್ ಕೊರೆಸಿದ್ದಾರೆ, ಮೂರು ಫೇಲ್. "ಆರುನೂರು ಅಡಿ ಹೋದ್ರೂ ಬರೀ ಧೂಳು ಬಂತು ಸಾರ್. ಗ್ಯಾಪೇ ಸಿಗಲಿಲ್ಲ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಓದಿದೋರು ನೀವು, ಒಂದು ಮಾತು ಹೇಳ್ರಿ. ಅರಬ್ ದೇಶದಾಗೆ ನೆಲದಡಿ ಎಣ್ಣೆ ಕೆರೆಗಳೇ ಅದಾವಂತಲ್ಲ. ನಮ್ಮ ನೆಲ ಯಾಕೆ ಬರೇ ಕಲ್ಲಾತು? ನೀರಿಗೂ ಜಾಗ ಇಟ್ಟಿಲ್ಲ ನೋಡ್ರಿ."

ಆ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಉತ್ತರ ಭೂವಿಜ್ಞಾನದ ಪುಸ್ತಕಗಳಲ್ಲಿದೆ, ನಿಜ. ಆದರೆ ಅವರು ಕೇಳಿದ್ದು ಅಷ್ಟನ್ನೇ ಅಲ್ಲ ಅನ್ನಿಸುತ್ತದೆ. ಒಂದು ಕಡೆ ತುಂಬಿರುವುದು ಇನ್ನೊಂದು ಕಡೆ ಯಾಕೆ ಇಲ್ಲ? ತುಂಬುವುದು ಅಂದರೆ ಏನು?

ಮೊದಲಿಗೆ ಆ ಹಿರಿಯರ ಮನಸ್ಸಿನಲ್ಲಿದ್ದ ಚಿತ್ರವನ್ನೇ ತಿದ್ದಬೇಕು. ನನ್ನ ಮನಸ್ಸಿನಲ್ಲೂ ಬಹಳ ವರ್ಷ ಅದೇ ಚಿತ್ರವಿತ್ತು. ನೆಲದಡಿ ಎಣ್ಣೆಯ ಕೆರೆ ಇಲ್ಲ. ಗುಹೆ ಇಲ್ಲ, ಹೊಂಡ ಇಲ್ಲ. ಅಲ್ಲಿರುವುದು ಕಲ್ಲೇ. ಕೈಗೆ ತೆಗೆದುಕೊಂಡರೆ ಭಾರವಿರುವ, ಸುತ್ತಿಗೆಯಲ್ಲಿ ಹೊಡೆದರೆ ಒಡೆಯುವ ಮರಳುಗಲ್ಲು ಅಥವಾ ಸುಣ್ಣಕಲ್ಲು. ಮರಳಿನ ಕಣಕ್ಕೂ ಕಣಕ್ಕೂ ನಡುವೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳಿರುತ್ತವೆ. ಎಣ್ಣೆ ಇರುವುದು ಆ ಸಂದುಗಳಲ್ಲಿ. ಒಳ್ಳೆಯ ಸಂಗ್ರಹ ಶಿಲೆ ಅನ್ನಿಸಿಕೊಂಡ ಕಲ್ಲಿನಲ್ಲಿ ನೂರಕ್ಕೆ 10ರಿಂದ 30 ಪಾಲು ಇಂಥ ಖಾಲಿ ಜಾಗ, ಉಳಿದದ್ದೆಲ್ಲ ಗಟ್ಟಿ. ಸೌದಿ ಅರೇಬಿಯಾದ ಘಾವರ್ ಜಗತ್ತಿನ ಅತಿ ದೊಡ್ಡ ತೈಲಕ್ಷೇತ್ರ. 1948ರಲ್ಲಿ ಸಿಕ್ಕಿದ್ದು. ಅದರ ಉದ್ದ ಸುಮಾರು 280 ಕಿಲೋಮೀಟರ್, ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಇನ್ನೂ ಸ್ವಲ್ಪ ಮುಂದೆ ಹೋದಷ್ಟು. ಅಷ್ಟು ಉದ್ದಕ್ಕೂ ಒಂದು ಬೊಗಸೆ ಎಣ್ಣೆ ಬಯಲಾಗಿ ನಿಂತಿರುವ ಜಾಗವಿಲ್ಲ. ಎಲ್ಲ ಸುಣ್ಣಕಲ್ಲು, ಕಲ್ಲಿನ ಸಂದಿನಲ್ಲಿ ಎಣ್ಣೆ.

ಮಂಡಕ್ಕಿ ನಮಗೆ ಗೊತ್ತು. ಅಕ್ಕಿ ಅರಳಿದಾಗ ಒಳಗೆ ಸಣ್ಣ ಸಣ್ಣ ಗೂಡುಗಳಾಗುತ್ತವೆ. ಅದಕ್ಕೇ ಒಗ್ಗರಣೆ ಹಾಕಿದ ಕೂಡಲೇ ಹೀರುತ್ತದೆ. ಆದರೆ ಮಂಡಕ್ಕಿಯ ಗೂಡುಗಳು ಎಷ್ಟಿದ್ದರೂ ಒಂದರಿಂದ ಇನ್ನೊಂದಕ್ಕೆ ಬಾಗಿಲಿಲ್ಲದಿದ್ದರೆ ಎಣ್ಣೆ ಒಳಗೆ ಹೋಗುವುದಿಲ್ಲ. ಕಲ್ಲಿನಲ್ಲೂ ಹಾಗೆ. ಜಾಗ ಇರುವುದು ಬೇರೆ, ದಾರಿ ಇರುವುದು ಬೇರೆ. ಈ ದಾರಿಯನ್ನು ಅಳೆಯುವ ಲೆಕ್ಕ ಕೊಟ್ಟವನು ಹೆನ್ರಿ ಡಾರ್ಸಿ ಎಂಬ ಫ್ರೆಂಚ್ ಎಂಜಿನಿಯರು. ಎಣ್ಣೆಗೂ ಅವನಿಗೂ ಸಂಬಂಧವೇ ಇರಲಿಲ್ಲ. ಡಿಜಾನ್ ಎಂಬ ತನ್ನ ಊರಿಗೆ ಕುಡಿಯುವ ನೀರು ಕೊಡಲು, ಮರಳಿನಲ್ಲಿ ನೀರು ಎಷ್ಟು ಬೇಗ ಇಳಿಯುತ್ತದೆ ಎಂದು ಪ್ರಯೋಗ ಮಾಡಿ 1856ರಲ್ಲಿ ಪ್ರಕಟಿಸಿದ. ಇವತ್ತಿಗೂ ಭೂಮಿಯೊಳಗೆ ಎಣ್ಣೆಗೆ ಕಲ್ಲು ಬಿಡುವ ದಾರಿಯನ್ನು ಅವನ ಹೆಸರಿನ ಅಳತೆಯಲ್ಲೇ ಹೇಳುತ್ತಾರೆ. ಜಗತ್ತನ್ನು ಆಳುವ ಎಣ್ಣೆಯ ವ್ಯವಹಾರದ ಬುಡದಲ್ಲಿ ಒಂದು ಊರಿನ ಕುಡಿಯುವ ನೀರಿನ ಚಿಂತೆ ಇದೆ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಇನ್ನೊಂದು ಮಾತು. ಎಣ್ಣೆ ಇರುವ ಕಲ್ಲಿನಲ್ಲಿ ಎಣ್ಣೆ ಹುಟ್ಟಿದ್ದಲ್ಲ. ಅದು ವಲಸೆ ಬಂದದ್ದು.

ಹುಟ್ಟಿದ್ದು ಬೇರೆ ಕಡೆ, ಇನ್ನೂ ಆಳದಲ್ಲಿ. ಹಿಂದೊಂದು ಕಾಲದ ಸಮುದ್ರದಲ್ಲಿ ತೇಲುತ್ತಿದ್ದ ಪಾಚಿ, ಕಣ್ಣಿಗೆ ಕಾಣದ ಜೀವಿಗಳು ಸತ್ತು ತಳಕ್ಕಿಳಿದವು. ಗಾಳಿಯಾಡುವ ಕಡೆ ಬಿದ್ದವು ಕೊಳೆತು ಹೋದವು. ಗಾಳಿಯಾಡದ ಕೆಸರಿನಲ್ಲಿ ಬಿದ್ದವು ಉಳಿದವು. ಮೇಲೆ ಮೇಲೆ ಕೆಸರು ಬಿತ್ತು, ಒತ್ತಡಕ್ಕೆ ಕಲ್ಲಾಯಿತು. ಆ ಕರಿಯ ಜೇಡಿಗಲ್ಲಿನಲ್ಲಿ ಜೀವದ ಅಂಶ ನೂರಕ್ಕೆ ಒಂದೆರಡು ಪಾಲು ಇದ್ದರೂ ಸಾಕು. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸುಮಾರು 25ರಿಂದ 30 ಡಿಗ್ರಿ ಶಾಖ ಏರುತ್ತದೆ. 60 ಡಿಗ್ರಿ ದಾಟಿದ ಮೇಲೆ ಆ ಜೀವದ ಅಂಶ ಎಣ್ಣೆಯಾಗಲು ಶುರುವಾಗುತ್ತದೆ. 150 ಡಿಗ್ರಿಯ ಆಸುಪಾಸಿನಲ್ಲಿ ಎಣ್ಣೆಯೂ ಒಡೆದು ಬರೀ ಗ್ಯಾಸ್ ಆಗುತ್ತದೆ. ಅದಕ್ಕಿಂತ ಬೆಂದರೆ ಕೊನೆಗೆ ಉಳಿಯುವುದು ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್. ತೈಲ ಹುಡುಕುವ ಭೂವಿಜ್ಞಾನಿಗಳು ಹೀಗೆ ಎಣ್ಣೆ ಬೇಯುವ ಆಳದ ತಗ್ಗನ್ನು 'ಅಡುಗೆಮನೆ' ಅಂತಲೇ ಕರೆಯುತ್ತಾರೆ. ಬೆಣ್ಣೆ ದೋಸೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾವಲಿ ಕಾಯದಿದ್ದರೆ ದೋಸೆ ಏಳುವುದಿಲ್ಲ, ಕಾದು ಹೆಚ್ಚಾದರೆ ಸೀಯುತ್ತದೆ. ಎಲ್ಲ ಇರುವುದು ಹದದಲ್ಲಿ. ಹದ ಎಂಬ ನಮ್ಮ ಮಾತಿಗೆ ಶಾಖದ ಅಳತೆ ಮಾತ್ರವಲ್ಲ, ಕಾಯುವ ತಾಳ್ಮೆಯೂ ಸೇರಿದೆ. ಎಣ್ಣೆಗೆ ಬೇಕಾದ ತಾಳ್ಮೆ ಲಕ್ಷ, ಕೋಟಿ ವರ್ಷಗಳದ್ದು.

ನಮ್ಮ ನೆಲದ ಕಥೆಯ ಅರ್ಧ ಇಲ್ಲೇ ಇದೆ. ಧಾರವಾಡ ಕ್ರೇಟಾನ್ ಎಂದು ಭೂವಿಜ್ಞಾನಿಗಳು ಕರೆಯುವ ಈ ಸೀಮೆಯ ತಳಬಂಡೆ 250 ಕೋಟಿ ವರ್ಷಗಳಿಗಿಂತ ಹಳೆಯದು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು. ಆಗಲೂ ಇಲ್ಲಿ ಸಮುದ್ರವಿತ್ತು. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿದ ಲಾವಾ ದಿಂಬಿನಾಕಾರದಲ್ಲಿ ಗಟ್ಟಿಯಾಗಿ ಇಂದಿಗೂ ಬಿದ್ದಿದೆ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆ ಸಮುದ್ರದಲ್ಲಿ ಜೀವವೂ ಇತ್ತು. ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಗುರುತುಗಳು ಧಾರವಾಡ ಶಿಲೆಗಳ ಸುಣ್ಣಕಲ್ಲಿನಲ್ಲಿ ಸಿಕ್ಕಿವೆ. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಕೈಗೆ ಮಸಿ ಹತ್ತುವಂಥ ಕರಿಯ ಇಂಗಾಲದ ಕಲ್ಲುಗಳೂ ಇವೆ. ಅಂದರೆ ಸಾಮಾನು ಇತ್ತು, ಒಲೆಯೂ ಇತ್ತು. ಆದರೆ ಈ ನೆಲ ಮತ್ತೆ ಮತ್ತೆ ಮಡಿಚಿತು, ಹೂತುಹೋಯಿತು, ಕಾದು ಹೊರಬಂತು. ಹದ ಯಾವತ್ತೋ ಮೀರಿತು. ನಮ್ಮ ನೆಲ ಬಂಜೆ ಎಂದು ಹೇಳುವವರಿಗೆ ನಾನು ಹೇಳುವುದಿಷ್ಟೇ: ಬಂಜೆಯಲ್ಲ, ಹೆತ್ತು ಬಹಳ ಕಾಲವಾಯಿತು.

ಈಗ ವಲಸೆಯ ಮಾತಿಗೆ ಬರುತ್ತೇನೆ. ಈ ಮಾತೇ ನನ್ನನ್ನು ಕೊಂಡಜ್ಜಿ ಏರಿಯ ಮೇಲೆ ಹಿಡಿದು ಕೂರಿಸಿದ್ದು.

ಜೇಡಿಗಲ್ಲಿನಿಂದ ಹಿಂಡಿ ಹೊರಬಂದ ಎಣ್ಣೆಯ ಹನಿ ಏನು ಮಾಡುತ್ತದೆ? ಮೇಲಕ್ಕೆ ಹೊರಡುತ್ತದೆ. ನೆಲದಡಿಯ ಕಲ್ಲಿನ ಸಂದುಗಳೆಲ್ಲ ಮೊದಲೇ ಹಳೆಯ ಉಪ್ಪುನೀರಿನಿಂದ ತುಂಬಿರುತ್ತವೆ. ಎಣ್ಣೆ ನೀರಿಗಿಂತ ಹಗುರ, ಆದ್ದರಿಂದ ಏರುತ್ತದೆ. ಗ್ಯಾಸ್ ಇನ್ನೂ ಹಗುರ. ಹನಿ ಹನಿಯಾಗಿ, ಸಂದಿನಿಂದ ಸಂದಿಗೆ, ಯಾವ ದಾರಿ ಬಿಟ್ಟುಕೊಟ್ಟರೆ ಆ ದಾರಿಯಲ್ಲಿ ಹತ್ತುತ್ತ ಕಿಲೋಮೀಟರುಗಟ್ಟಲೆ ಹೋಗುತ್ತದೆ. ತಡೆಯುವವರಿಲ್ಲದಿದ್ದರೆ ನೆಲದ ಮೇಲೆ ಬಂದು, ಗಾಳಿಗೆ ಆರಿ, ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಮುಗಿದುಹೋಗುತ್ತದೆ. ಭೂಮಿಯಲ್ಲಿ ಹುಟ್ಟಿದ ಎಣ್ಣೆಯ ಬಹುಪಾಲಿನ ಗತಿ ಇದೇ. ಹಿಮಾಚಲದ ಜ್ವಾಲಾಮುಖಿ ದೇಗುಲದಲ್ಲಿ ಬಂಡೆಯ ಬಿರುಕಿನಿಂದ ಬರುವ ಅನಿಲ ಹತ್ತಿ ಉರಿಯುತ್ತಲೇ ಇದೆ, ಜನ ಅದಕ್ಕೆ ಕೈಮುಗಿಯುತ್ತಾರೆ. ಒಎನ್‌ಜಿಸಿಯವರು 1950ರ ದಶಕದಲ್ಲಿ ಅಲ್ಲೇ ಹತ್ತಿರ ಬಾವಿ ಕೊರೆದು ನೋಡಿದರು. ಸೋರುವ ಜಾಗದಲ್ಲಿ ದೇವಸ್ಥಾನವಾಯಿತು. ಸೋರದೆ ನಿಂತ ಜಾಗಗಳಲ್ಲಿ ಮಾತ್ರ ತೈಲಕ್ಷೇತ್ರಗಳಾದವು.

ನಿಲ್ಲಿಸುವುದು ಯಾವುದು? ಮೇಲೊಂದು ಮುಚ್ಚಳ ಶಿಲೆ. ಕೇಳಿದ ಕೂಡಲೇ ನಾವು ದೊಡ್ಡ ಚಪ್ಪಡಿ ಬಂಡೆಯನ್ನು ಕಲ್ಪಿಸಿಕೊಳ್ಳುತ್ತೇವೆ. ವಸ್ತುಸ್ಥಿತಿ ಬೇರೆ. ಬಹಳ ಕಡೆ ಆ ಮುಚ್ಚಳ ಕೆಳಗಿನ ಸಂಗ್ರಹ ಶಿಲೆಗಿಂತ ಮೆತ್ತಗಿರುವ ಜೇಡಿಗಲ್ಲು, ಉಗುರಿನಲ್ಲಿ ಗೀರಬಹುದಾದಂಥದ್ದು. ಅದರಲ್ಲೂ ಸಂದುಗಳಿವೆ. ಆದರೆ ಆ ಸಂದುಗಳ ಬಾಯಿ ಎಷ್ಟು ಕಿರಿದೆಂದರೆ, ಅಲ್ಲಿ ಮೊದಲೇ ಅಂಟಿ ಕೂತ ನೀರನ್ನು ತಳ್ಳಿ ಒಳಹೋಗಲು ಎಣ್ಣೆಯ ಹನಿಗೆ ಬಲ ಸಾಲುವುದಿಲ್ಲ. ನಿಲ್ಲಿಸುವುದು ಗಟ್ಟಿತನವಲ್ಲ, ನುಣುಪು. ಜೇಡಿಮಣ್ಣಿನ ನುಣುಪು ಮತ್ತು ನೀರಿನ ಒಂದು ತೆಳು ಪೊರೆ ಸೇರಿ ಕೋಟಿ ವರ್ಷ ಎಣ್ಣೆಯನ್ನು ಹಿಡಿದಿಟ್ಟಿವೆ.

ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಕೆರೆಯ ಏರಿ. ನಮ್ಮ ಹಿಂದಿನವರು ಏರಿ ಕಟ್ಟುವಾಗ ಹೊರಗೆ ಕಲ್ಲು ಹೊದೆಸಿದರೂ ನೀರು ನಿಲ್ಲಿಸುವ ಕೆಲಸವನ್ನು ಕಲ್ಲಿಗೆ ವಹಿಸಲಿಲ್ಲ. ಜೇಡಿಮಣ್ಣನ್ನು ನಾದಿ, ತುಳಿಸಿ, ಪದರ ಪದರವಾಗಿ ಹಾಕಿ ಗಟ್ಟಿ ಮಾಡಿದರು. ಕಲ್ಲು ಅಲೆಯ ಹೊಡೆತಕ್ಕೆ, ಜೇಡಿ ನೀರಿಗೆ. ಭೂಮಿಯೂ ಅದನ್ನೇ ಮಾಡಿದೆ, ಆದರೆ ಬೋರಲು ಹಾಕಿ. ಕೊಂಡಜ್ಜಿಯಲ್ಲಿ ನೀರು ಗುಡ್ಡದಿಂದ ಕೆಳಗೆ ಹರಿದು ಬರುತ್ತದೆ, ತಗ್ಗಿನಲ್ಲಿ ಏರಿ ತಡೆಯುತ್ತದೆ. ಅಲ್ಲಿ ಎಣ್ಣೆ ಆಳದಿಂದ ಮೇಲಕ್ಕೆ ಹರಿದು ಬರುತ್ತದೆ, ಕಮಾನಿನಂತೆ ಬಾಗಿದ ಪದರದ ನೆತ್ತಿಯಲ್ಲಿ ಜೇಡಿ ತಡೆಯುತ್ತದೆ. ಮೇಲೆ ಗ್ಯಾಸ್, ಅದರ ಕೆಳಗೆ ಎಣ್ಣೆ, ಇನ್ನೂ ಕೆಳಗೆ ನೀರು. ಬಟ್ಟಲನ್ನು ಬೋರಲು ಹಾಕಿ ನೀರಿನಲ್ಲಿ ಒತ್ತಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ಮೇಲಕ್ಕೆ ಹರಿಯುವುದಕ್ಕೆ ಕಟ್ಟಿದ ಕೆರೆ ಬೋರಲೇ ಇರಬೇಕು.

ಹೋಲಿಕೆ ಇಲ್ಲಿಗೇ ಮುಗಿಯುವುದಿಲ್ಲ. ಕೆರೆಗೆ ಕೋಡಿ ಇದೆ. ಮಟ್ಟ ಮೀರಿದ ನೀರು ಅಲ್ಲಿಂದ ಹೊರಬಿದ್ದು ಮುಂದಿನ ಕೆರೆಗೆ ಹೋಗುತ್ತದೆ. ಎಣ್ಣೆಯ ಬೋರಲು ಕೆರೆಗೂ ಕೋಡಿ ಇದೆ. ಆ ಕಮಾನಿನ ಅಂಚು ಎಲ್ಲಿ ಮತ್ತೆ ಮೇಲಕ್ಕೆ ತಿರುಗುತ್ತದೋ ಅಲ್ಲಿಯವರೆಗೆ ಎಣ್ಣೆ ತುಂಬುತ್ತದೆ. ಆಮೇಲೆ ಬಂದದ್ದೆಲ್ಲ ಅಂಚು ದಾಟಿ, ಮತ್ತೆ ಮೇಲಕ್ಕೆ ಹೊರಟು, ಇನ್ನೂ ಎತ್ತರದಲ್ಲಿರುವ ಮುಂದಿನ ಕಮಾನಿಗೆ ಹೋಗುತ್ತದೆ. ಕೆರೆಗಳ ಸರಪಳಿಯಲ್ಲಿ ಮೇಲಿನದು ತುಂಬಿ ಕೆಳಗಿನದಕ್ಕೆ, ಅಲ್ಲಿ ಕೆಳಗಿನದು ತುಂಬಿ ಮೇಲಿನದಕ್ಕೆ. ಕೆರೆಗೆ ತೂಬಿದೆ. ಅಲ್ಲಿ ನಾವು ಕೊರೆದ ಬಾವಿಯೇ ತೂಬು. ಕನ್ನಡದಲ್ಲಿ ಭೂವಿಜ್ಞಾನ ಬರೆಯುವವರು ಈ ಮಾತುಗಳಿಗಾಗಿ ನಿಘಂಟು ಹುಡುಕುತ್ತಾರೆ. ಏರಿ, ಕೋಡಿ, ತೂಬು ಎಂಬ ಮೂರು ಮಾತು ನಮ್ಮ ಹಳ್ಳಿಗಳಲ್ಲಿ ನೂರಾರು ವರ್ಷದಿಂದ ದುಡಿಯುತ್ತಿವೆ. ಅವನ್ನೇ ಬಳಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ದಾವಣಗೆರೆ ಜಿಲ್ಲೆಯ ಸೂಳೆಕೆರೆಗೆ ಹೋದವರು ಒಂದು ಸಂಗತಿ ಗಮನಿಸಿರಬಹುದು. ಶಾಂತಿಸಾಗರ ಎಂದೂ ಕರೆಯುವ ಚನ್ನಗಿರಿ ತಾಲ್ಲೂಕಿನ ಆ ಕೆರೆಯ ಹರವು ಕಣ್ಣಿಗೆ ನಿಲುಕುವುದಿಲ್ಲ. ಏರಿಯೋ ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಯಲ್ಲಿ ಕಟ್ಟಿದ್ದು, ಆ ನೀರಿನ ಹರವಿಗೆ ಹೋಲಿಸಿದರೆ ಎಷ್ಟು ಚಿಕ್ಕದು! ಹರಿದ್ರಾ ಹಳ್ಳ ಆ ಸಂದಿಯಿಂದ ಹೊರಟು ಹರಿಹರದ ಹತ್ತಿರ ತುಂಗಭದ್ರೆಗೆ ಸೇರುತ್ತದೆ. ಈ ಕೆರೆ ಕಟ್ಟಿಸಿದಳು ಎನ್ನುವ ಶಾಂತವ್ವನ ಕಥೆ ಹೇಳುವ ಜನ ತ್ಯಾಗದ ಮಾತು ಹೇಳುತ್ತಾರೆ. ಆ ಮಾತನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಅದರ ಜೊತೆಗೆ, ಎಲ್ಲಿ ತಡೆದರೆ ಎಷ್ಟು ನಿಲ್ಲುತ್ತದೆ ಎಂದು ನೆಲವನ್ನು ಓದಿದ ಕಣ್ಣೊಂದು ಆ ಕಾಲದಲ್ಲಿತ್ತು ಎಂಬುದಕ್ಕೂ ತಲೆಬಾಗುತ್ತೇನೆ. ತೈಲ ಹುಡುಕುವವರ ಕೆಲಸವೂ ಇದೇ ಕಣ್ಣಿನದು. ಕಮಾನಿನಂತೆ ಬಾಗಿದ ಪದರಗಳ ನೆತ್ತಿಯಲ್ಲಿ ಎಣ್ಣೆ, ಅನಿಲ ಸಿಗುತ್ತವೆ ಎಂದು ಅಮೆರಿಕದ ಐ. ಸಿ. ವೈಟ್ 1885ರಲ್ಲಿ ಬರೆದ ಮೇಲೆ, ಹುಡುಕುವವರು ಎಣ್ಣೆಯನ್ನು ಬಿಟ್ಟು ತಡೆಯನ್ನು ಹುಡುಕಲು ಕಲಿತರು.

ತಡೆ ಇದ್ದರೆ ಸಾಲದು, ಅದು ಸಮಯಕ್ಕೆ ಸರಿಯಾಗಿ ಇರಬೇಕು. ಇದು ನನ್ನನ್ನು ಬಹಳ ಕಾಡಿದ ಮಾತು. ಎಣ್ಣೆ ಹರಿದು ಹೋದ ಮೇಲೆ ಪದರ ಕಮಾನಾಗಿ ಬಾಗಿದರೆ ಕಮಾನು ಎಷ್ಟು ಚೆನ್ನಾಗಿದ್ದರೂ ಒಳಗೆ ಬರೀ ಉಪ್ಪುನೀರು. ಕೋಟಿಗಟ್ಟಲೆ ಖರ್ಚು ಮಾಡಿ ಕೊರೆದ ಎಷ್ಟೋ ಬಾವಿಗಳು ಹೀಗೆ ಬರಿದಾಗಿವೆ. ಮಳೆ ಹೋದ ಮೇಲೆ ಏರಿ ಕಟ್ಟಿದರೆ ಏನು ಬಂತು? ಆದರೆ ನಮಗೆ ಮುಂದಿನ ವರ್ಷದ ಮಳೆ ಇದೆ. ಅಲ್ಲಿ ಒಂದು ಸಲ ಹೋದ ವಲಸೆ ಮತ್ತೆ ಬರುವುದಿಲ್ಲ. ಬಾಂಬೆ ಹೈ ನೋಡಿ. ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದ ಕಡಲಿನಲ್ಲಿ 1974ರಲ್ಲಿ 'ಸಾಗರ್ ಸಾಮ್ರಾಟ್' ಎಂಬ ಕೊರೆಯುವ ರಿಗ್ ಎಣ್ಣೆ ಕಂಡ ಜಾಗ. ಅಲ್ಲಿ ಎಣ್ಣೆ ಬೆಂದ ಜೇಡಿಗಲ್ಲಿಗೆ 5ರಿಂದ 6 ಕೋಟಿ ವರ್ಷ ವಯಸ್ಸು, ಎಣ್ಣೆ ನಿಂತ ಮುಖ್ಯ ಸುಣ್ಣಕಲ್ಲಿಗೆ ಸುಮಾರು 2 ಕೋಟಿ. ಪಾತ್ರೆಗಿಂತ ಅಡುಗೆಯ ಸಾಮಾನು ಹಳೆಯದು. ಸಾಮಾನು ಬೆಂದು ಉಕ್ಕುವ ಹೊತ್ತಿಗೆ ಪಾತ್ರೆ ಸಿದ್ಧವಾಗಿತ್ತು, ಅದರ ಮೇಲೆ ಮುಚ್ಚಳವೂ ಬಿದ್ದಿತ್ತು. ಈ ಸಂಧಿ ಯಾರೂ ಕೂಡಿಸಿದ್ದಲ್ಲ. ಕೂಡಿಬಂತು, ಅಷ್ಟೇ. ಕಾಲ ಕೂಡಿಬರಬೇಕು ಎಂದು ನಮ್ಮ ಅಜ್ಜಿ ಮದುವೆ ಮಾತಿಗೆ ಹೇಳುತ್ತಿದ್ದರು. ಕಲ್ಲಿನ ವಿಷಯದಲ್ಲಿ ಆ ಮಾತು ಇಷ್ಟು ಅಕ್ಷರಶಃ ನಿಜವಾದೀತು ಎಂದು ನಾನು ಎಣಿಸಿರಲಿಲ್ಲ.

ಆ ಹಿರಿಯರ ದೂರಿಗೆ ಮತ್ತೆ ಬರಬೇಕು. ನಮ್ಮದು ಬರೇ ಕಲ್ಲು ಅಂದರಲ್ಲ. ಕಲ್ಲೇ ತಪ್ಪಿತಸ್ಥನಲ್ಲ ಎಂಬುದಕ್ಕೆ ವಿಯೆಟ್ನಾಂನ ಕಡಲಿನಲ್ಲಿ ಸಾಕ್ಷಿ ಇದೆ. ಬಾಖ್ ಹೋ ಎಂಬ ತೈಲಕ್ಷೇತ್ರದಲ್ಲಿ 1988ರಲ್ಲಿ ಎಣ್ಣೆ ಸಿಕ್ಕಿದ್ದು ಮರಳುಗಲ್ಲಿನಲ್ಲಲ್ಲ, ನಮ್ಮ ಗುಡ್ಡಗಳಲ್ಲಿರುವಂಥ ಗ್ರಾನೈಟಿನಲ್ಲಿ. ಗ್ರಾನೈಟಿನಲ್ಲಿ ಜೀವದ ಅಂಶವೂ ಇಲ್ಲ, ಮರಳಿನಂಥ ಸಂದುಗಳೂ ಇಲ್ಲ. ಇದ್ದದ್ದು ಬಿರುಕುಗಳು. ನಮ್ಮ ಬೋರ್‌ವೆಲ್ ಕೊರೆಯುವವರು 'ಗ್ಯಾಪ್' ಅನ್ನುತ್ತಾರಲ್ಲ, ಅದೇ. ಆ ಗ್ರಾನೈಟ್ ದಿಬ್ಬದ ಸುತ್ತ ಎಣ್ಣೆ ಬೇಯುವ ಜೇಡಿಗಲ್ಲು ತುಂಬಿತ್ತು. ಅಲ್ಲಿಂದ ಒಸರಿ ಬಂದ ಎಣ್ಣೆ ಬಿರುಕುಗಳಲ್ಲಿ ಸೇರಿಕೊಂಡಿತು. ಅಂದಮೇಲೆ ನಮ್ಮ ಕಲ್ಲಿಗೂ ಅವರ ಕಲ್ಲಿಗೂ ಇರುವ ವ್ಯತ್ಯಾಸ ಕಲ್ಲಿನೊಳಗಿಲ್ಲ, ನೆರೆಯಲ್ಲಿದೆ. ನಮ್ಮ ಬಂಡೆಗೂ ಬಿರುಕಿದೆ, ಕೊಡುವ ನೆರೆ ಇಲ್ಲ. ಉತ್ತರ ಕರ್ನಾಟಕದ ಭೀಮಾ–ಕಲಾದಗಿ ಜಲಜ ಶಿಲೆಗಳ ಹರವು ದೇಶದ 26 ಜಲಜ ಶಿಲಾ ತಗ್ಗುಗಳ ಪಟ್ಟಿಯಲ್ಲಿದೆ. ಅಲ್ಲಿಯೂ ತೈಲೋದ್ಯಮ ಕಾಲೂರಿಲ್ಲ.

ನಮ್ಮ ಬಿರುಕುಗಳಿಗೆ ಇರುವ ನೆರೆ ಒಂದೇ, ಮಳೆ. ಕೆರೆ ತುಂಬಿದರೆ ಸುತ್ತಲ ಬೋರಿಗೆ ನೀರು ಬರುತ್ತದೆ ಎಂದು ರೈತರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಕೆರೆ ಎಂದರೆ ಏರಿಯ ಮೇಲೆ ಕಾಣುವ ನೀರು ಮಾತ್ರವಲ್ಲ, ಬಂಡೆಯ ಬಿರುಕಿನಲ್ಲಿ ಮೆಲ್ಲನೆ ಇಳಿದು ನಿಂತ ನೀರೂ ಹೌದು. ನೂರಾರು ವರ್ಷಗಳ ಕಾಲ ಬಿರುಕಿಗೆ ಇಳಿದದ್ದನ್ನು ನಾವು ಮೂರು ನಾಲ್ಕು ದಶಕಗಳಲ್ಲಿ ಮೇಲೆತ್ತಿದೆವು. ಆ ಹಿರಿಯರ ಮೂರು ಬೋರು ಫೇಲಾದದ್ದು ಕಲ್ಲಿನ ಜಿಪುಣತನದಿಂದಲ್ಲ.

ಕರ್ನಾಟಕದ ನೆಲದಲ್ಲಿ ಎಣ್ಣೆ ಉಳಿಯಲಿಲ್ಲ ನಿಜ, ಆದರೆ ಇವತ್ತು ನಮ್ಮ ಕಲ್ಲಿನೊಳಗೆ ಎಣ್ಣೆ ಇದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವಷ್ಟು ದೊಡ್ಡ ಸುರಂಗಕೋಣೆಗಳನ್ನು ಬಂಡೆ ಕೊರೆದು ಮಾಡಿದ್ದಾರೆ. ವಿಶಾಖಪಟ್ಟಣದ 13.3 ಲಕ್ಷ ಟನ್ನಿನದೂ ಸೇರಿದರೆ ದೇಶದ ತುರ್ತು ದಾಸ್ತಾನಿನ ಸಾಮರ್ಥ್ಯ 53.3 ಲಕ್ಷ ಟನ್. ಸರಕಾರದ ಲೆಕ್ಕದಲ್ಲಿ ಇದು ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ಎಣ್ಣೆ. 2018ರಲ್ಲಿ ಅಬುಧಾಬಿಯ ಎಣ್ಣೆ ಮಂಗಳೂರಿನ ಕೋಣೆಗೆ ಇಳಿಯಿತು. ಈ ಕೋಣೆಗಳ ಗೋಡೆಗೆ ಉಕ್ಕಿನ ಹೊದಿಕೆ ಇಲ್ಲ ಎಂದು ತಿಳಿದಾಗ ನನಗೆ ನಂಬಲಾಗಲಿಲ್ಲ. ಬಂಡೆಯ ಬಿರುಕಿನಲ್ಲಿ ಎಣ್ಣೆ ಸೋರುವುದಿಲ್ಲವೇ? ಸೋರದಂತೆ ಕಾಯುವುದು ನೀರು. ಕೋಣೆಗಳು ಅಂತರ್ಜಲದ ಮಟ್ಟಕ್ಕಿಂತ ಬಹಳ ಕೆಳಗಿವೆ. ಅವುಗಳ ಮೇಲೆ ಇನ್ನೊಂದು ಸಾಲು ಸುರಂಗ ಕೊರೆದು, ಅದರಿಂದ ಸಾಲು ಸಾಲಾಗಿ ತೂತು ಹಾಕಿ, ನೀರು ತುಂಬಿ ಒತ್ತಡದಲ್ಲಿ ಇಟ್ಟಿರುತ್ತಾರೆ. ಅದಕ್ಕೆ ನೀರಿನ ಪರದೆ ಎಂದು ಹೆಸರು. ಸುತ್ತಲ ಬಿರುಕುಗಳಲ್ಲಿರುವ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಹೆಚ್ಚು. ಹಾಗಾಗಿ ನೀರು ಒಳಕ್ಕೆ ಜಿನುಗುತ್ತದೆ, ಎಣ್ಣೆ ಹೊರಕ್ಕೆ ಹೋಗಲಾರದು. ಒಳಗೆ ಜಿನುಗಿದ ನೀರು ತಳಕ್ಕಿಳಿಯುತ್ತದೆ, ಅದನ್ನು ಪಂಪಿನಿಂದ ಎತ್ತಿ ಹೊರಹಾಕುತ್ತಾರೆ.

ಕೋಟಿ ವರ್ಷ ಭೂಮಿ ಜೇಡಿಯ ಸಂದಿನ ನೀರಿನಿಂದ ಮಾಡಿದ್ದನ್ನು ಎಂಜಿನಿಯರುಗಳು ಕರಾವಳಿಯ ಗಟ್ಟಿ ಕಲ್ಲಿನಲ್ಲಿ, ನೀರಿನಿಂದಲೇ ಮಾಡಿದ್ದಾರೆ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂದು ನಾವು ದ್ವೇಷದ ಉಪಮೆ ಕೊಡುತ್ತೇವೆ. ನೆಲದಡಿಯಲ್ಲಿ ನೀರು ಎಣ್ಣೆಯನ್ನು ಎತ್ತಿದೆ, ತಳ್ಳಿದೆ, ಕೊನೆಗೆ ಕಾವಲೂ ಕಾದಿದೆ. ತೈಲ ತುಂಬಿದ ಮರಳುಗಲ್ಲಿನಲ್ಲೂ ಬಹಳ ಕಡೆ ಕಣದ ಮೈಗೆ ಅಂಟಿರುವುದು ನೀರಿನ ಪೊರೆ, ಎಣ್ಣೆ ಅದರ ನಡುವೆ. ಸೇರದೆಯೇ ಜೊತೆಗಿರುವುದು ಸಾಧ್ಯ.

ಸ್ಥಾವರ, ಜಂಗಮ ಎಂಬ ಎರಡು ಮಾತು ನಮ್ಮ ಸೀಮೆಯವರಿಗೆ ಉಸಿರಿನಷ್ಟು ಹತ್ತಿರ. ನಾನು ಬೆಳೆದದ್ದು ಜಂಗಮವೇ ದೊಡ್ಡದೆಂದು ಕೇಳುತ್ತ. ಆ ನಂಬಿಕೆ ಈಗಲೂ ಬದಲಾಗಿಲ್ಲ. ಆದರೆ ಬಂಡೆಯೊಳಗಿನ ಈ ಕಥೆ ನನ್ನ ತಿಳಿವಿಗೆ ಇನ್ನೊಂದು ಎಳೆ ಸೇರಿಸಿದೆ. ಸ್ಥಾವರವೆಂದು ನಾವು ತೋರಿಸುವ ಕಲ್ಲಿನೊಳಗೂ ಚಲನೆ ನಡೆದೇ ಇದೆ. ಆ ಚಲನೆ ಇಲ್ಲದಿದ್ದರೆ ಎಣ್ಣೆ ಕರಿಗಲ್ಲಿನಲ್ಲಿ ಚದುರಿ ಯಾರಿಗೂ ಸಿಗುತ್ತಿರಲಿಲ್ಲ. ಚಲನೆ ನಿಲ್ಲದೇ ಇದ್ದಿದ್ದರೆ ಗಾಳಿಗೆ ಹೋಗುತ್ತಿತ್ತು. ಸಂಗ್ರಹ ಎನ್ನುವುದು ವಸ್ತುವಲ್ಲ. ಹರಿಯುವುದಕ್ಕೂ ತಡೆಯುವುದಕ್ಕೂ ನಡುವಿನ ಒಂದು ಒಪ್ಪಂದ. ಮನುಷ್ಯನ ನೆನಪು, ವಿದ್ಯೆ, ಮಮತೆ ಎಲ್ಲವೂ ಹೀಗೆಯೇ ಕೂಡಿರಬೇಕು ಎಂದು ನನಗೆ ತೋರುತ್ತದೆ. ಎಲ್ಲೋ ಬೆಂದು, ಯಾವುದೋ ದಾರಿಯಲ್ಲಿ ಹರಿದು, ಯಾರೋ ಒಬ್ಬರು ನುಣ್ಣನೆ ತಡೆದು ನಿಲ್ಲಿಸಿದ್ದರಿಂದ ನಮ್ಮಲ್ಲಿ ನಿಂತವು. ನನ್ನನ್ನು ಹಾಗೆ ತಡೆದು ನಿಲ್ಲಿಸಿದವರು ಮೆದು ಮಾತಿನವರೇ, ಗದರಿದವರಲ್ಲ.

ಆದರೆ ಇದನ್ನು ಬರೀ ಉಪಮೆ ಮಾಡಿ ಬಿಡಲು ಮನಸ್ಸು ಒಪ್ಪುವುದಿಲ್ಲ. ಯಾಕೆಂದರೆ ನಾವು ಆ ಎಣ್ಣೆಯನ್ನು ದಿನಾ ಉರಿಸುತ್ತಿದ್ದೇವೆ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ದಾಭೋಲ್‌ನಿಂದ ಬೆಂಗಳೂರಿಗೆ ಹೋಗುವ ಗ್ಯಾಸ್ ಕೊಳವೆ 2013ರಿಂದ ನಮ್ಮ ಜಿಲ್ಲೆಯ ಹೊಲಗಳ ಅಡಿಯಲ್ಲೇ ಹಾದುಹೋಗುತ್ತಿದೆ. ಬೋರಿನಲ್ಲಿ ನೀರು ಬಾರದ ಹೊಲದ ಕೆಳಗೆ ಯಾವುದೋ ಸಮುದ್ರದಡಿಯ ಕಲ್ಲಿನಲ್ಲಿ ಕೋಟಿ ವರ್ಷ ನಿಂತಿದ್ದ ಅನಿಲ ಹರಿಯುತ್ತಿದೆ. ಇಷ್ಟು ಹೊತ್ತು ಕಾದು ನಿಂತದ್ದನ್ನು ನಾವು ಹಾಲು ಕಾಯಿಸುವ ಐದು ನಿಮಿಷದಲ್ಲಿ ಬಿಟ್ಟುಬಿಡುತ್ತೇವೆ. ಹಾಲು ಕಾಯಿಸಬೇಕು, ಅದರಲ್ಲಿ ತಪ್ಪಿಲ್ಲ. ಸೌದೆಯ ಹೊಗೆಯಲ್ಲಿ ಕಣ್ಣು ಕಳೆದುಕೊಂಡ ನನ್ನ ತಾಯಿಯ ಕಾಲವನ್ನು ಕಂಡವನು ನಾನು. ಗ್ಯಾಸ್ ಒಲೆ ಬಂದ ದಿನ ಅವರ ಮುಖ ಹೇಗಿತ್ತೆಂದು ನನಗೆ ನೆನಪಿದೆ. ನನ್ನ ಅಳಲು ಉರಿಸುವುದರ ಬಗ್ಗೆ ಅಲ್ಲ, ಲೆಕ್ಕವಿಲ್ಲದಿರುವುದರ ಬಗ್ಗೆ.

ಕೆರೆಗೆ ತೂಬು ಇಟ್ಟವರು ನೀರುಗಂಟಿಯನ್ನೂ ಇಟ್ಟರು. ಯಾವ ಗದ್ದೆಗೆ ಎಷ್ಟು ಹೊತ್ತು, ಬರದ ವರ್ಷ ಯಾರಿಗೆ ಮೊದಲು, ಎಷ್ಟಕ್ಕೆ ತೂಬು ಮುಚ್ಚಬೇಕು ಎಂದು ಗೊತ್ತಿದ್ದ ಮನುಷ್ಯ ಅವನು. ಬೋರಲು ಕೆರೆಗಳಿಗೆ ಸಾವಿರಾರು ತೂಬು ಇಟ್ಟಿದ್ದೇವೆ, ನೀರುಗಂಟಿ ಇಲ್ಲ. ಮಳೆಗಾಲವಂತೂ ಇಲ್ಲವೇ ಇಲ್ಲ. ಅಷ್ಟಾದರೂ ಕಲ್ಲು ತನ್ನಲ್ಲಿರುವುದನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟು ಎಣ್ಣೆ ಮೇಲೆ ಬರುತ್ತದೆ, ಮಿಕ್ಕದ್ದು ಸಂದುಗಳಿಗೆ ಅಂಟಿ ಅಲ್ಲೇ ಉಳಿಯುತ್ತದೆ. ಈಗ ಉರಿಸಿದ ಹೊಗೆಯನ್ನೂ ಅಂಥದೇ ಜೇಡಿಯ ಮುಚ್ಚಳದ ಕೆಳಗೆ ಬಚ್ಚಿಡಲು ಕಲಿಯುತ್ತಿದ್ದೇವೆ. ನಾರ್ವೆಯವರು 1996ರಿಂದ ಉತ್ತರ ಸಮುದ್ರದಡಿಯ ಮರಳುಗಲ್ಲಿಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಿದ್ದಾರೆ. ಎಣ್ಣೆ ಹಿಡಿದಿಟ್ಟಂಥ ಕಲ್ಲನ್ನೇ ಹೊಗೆಯನ್ನೂ ಹಿಡಿದುಕೋ ಎಂದು ಕೇಳುವ ಸ್ಥಿತಿಗೆ ಬಂದಿದ್ದೇವೆ.

ಆ ಸಂಜೆ ಇಷ್ಟೆಲ್ಲ ನನಗೆ ಹೇಳಲಾಗಲಿಲ್ಲ. ಮಿರ್ಚಿಯ ಪೇಪರನ್ನು ಎತ್ತಿ ತೋರಿಸಿ, "ಅಣ್ಣಾರೆ, ಅಲ್ಲೂ ಕೆರೆ ಇಲ್ಲ, ಹಿಂಗೇ ಕಲ್ಲಿಗೆ ಹಿಡಕಂಡಿರುತ್ತೆ. ಕೆಳಗೊಂದು ಹಾಳೆ ಐತಲ್ಲ, ಅದಕ್ಕೆ ಉಳಕಂಡತಿ" ಅಂದೆ. ಅವರು ಪೇಪರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಏರಿಯ ಕಡೆ ಕೈ ತೋರಿಸಿ, "ಹಂಗಾರೆ ನಮ್ಮ ಹಾಳೆ ಇದೇ ಬಿಡ್ರಿ" ಅಂದು ಕುರಿಗಳನ್ನು ಅಟ್ಟಿಕೊಂಡು ಹೊರಟರು.

ಓದುಗರಲ್ಲಿ ಒಂದು ಕೇಳಿಕೆ. ಈ ಮುಂಗಾರಿಗೆ ಮುಂಚೆ ನಿಮ್ಮೂರಿನ ಕೆರೆಯ ಏರಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದು ನೋಡಿ. ಏರಿಯ ಮೈಯಲ್ಲಿ ಜಾಲಿ ಬೇರು ಬಿಟ್ಟಿದ್ದರೆ ಪಂಚಾಯಿತಿಗೆ ಹೇಳಿ ಕೀಳಿಸಿ. ಕೋಡಿಯ ಬಾಯಿಗೆ ಕಸ ಕಟ್ಟಿದ್ದರೆ ತೆಗೆಸಿ. ತೂಬು ಎಲ್ಲಿದೆ ಎಂದು ಊರಿನ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ, ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ.